ನದಿಯಿಲ್ಲದ ಊರಿಗೆ ಬಂದ ನೆರೆ: ಮಂಡ್ಯ ಜಿಲ್ಲೆಯ ಮೂರು ಕೆರೆಗಳ ಪ್ರಕರಣ

ಮಂಡ್ಯ ಜಿಲ್ಲೆಯಲ್ಲಿ ನೆರೆ ಎಂದಾಗ ಎಲ್ಲರಿಗೂ ನೆನಪಾಗುವುದು ಕನ್ನಂಬಾಡಿ. ಕೃಷ್ಣರಾಜಸಾಗರದ ನೀರು 124.80 ಅಡಿಯ ಗರಿಷ್ಠ ಮಟ್ಟಕ್ಕೆ ಬಂದು, ಕೊಡಗಿನ ಮಳೆಯೂ ಬಿಡುವು ಕೊಡದೆ, ಅಣೆಕಟ್ಟೆಯಿಂದ ಹೊರಬಿಡುವ ನೀರು ಲಕ್ಷ ಕ್ಯೂಸೆಕ್ ಸಮೀಪಿಸಿದರೆ ರಂಗನತಿಟ್ಟಿನ ದೋಣಿಗಳು ದಡ ಸೇರುತ್ತವೆ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಬಳಿ ಕಾವಲು ಬೀಳುತ್ತದೆ, ನದಿಯಂಚಿನ ಊರುಗಳಿಗೆ ಜಿಲ್ಲಾಡಳಿತದ ಎಚ್ಚರಿಕೆ ಹೋಗುತ್ತದೆ. ಅಲ್ಲಿ ನೀರನ್ನು ಅಳೆಯುವವರಿದ್ದಾರೆ, ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತದೆಂದು ಹೇಳುವವರಿದ್ದಾರೆ. ಇಲ್ಲಿ ಬರೆಯುತ್ತಿರುವ ಪ್ರಕರಣ ನಡೆದದ್ದು ಅದೇ ಜಿಲ್ಲೆಯ ಒಣ ಭಾಗದಲ್ಲಿ. ಕಾವೇರಿಯಾಗಲಿ ಅದರ ದೊಡ್ಡ ಉಪನದಿಯಾಗಲಿ ಹತ್ತಿರದಲ್ಲಿ ಹರಿಯದ, ಬರಗಾಲಕ್ಕೆ ಒಗ್ಗಿಹೋಗಿದ್ದ, ನೆರೆ ಎಂಬುದನ್ನು ಟಿವಿಯಲ್ಲಿ ಮಾತ್ರ ಕಂಡಿದ್ದ ಮೂರು ಊರುಗಳಲ್ಲಿ.

ಊರುಗಳ ಮತ್ತು ವ್ಯಕ್ತಿಗಳ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಲಾಗಿದೆ. ಅನುಕೂಲಕ್ಕಾಗಿ ಅವುಗಳನ್ನು ಮೇಲಿನೂರು, ನಡುವಿನೂರು, ಕೆಳಗಿನೂರು ಎಂದು ಕರೆಯುತ್ತೇನೆ. ಘಟನೆ ನಡೆದದ್ದು ಇತ್ತೀಚಿನ ಒಂದು ಹಿಂಗಾರಿನಲ್ಲಿ, ಅಕ್ಟೋಬರಿನ ಚಿತ್ತೆ ಮಳೆಯ ದಿನಗಳಲ್ಲಿ.

ಹಿನ್ನೆಲೆ

ಮೂರೂ ಊರುಗಳಿಗೆ ಒಂದೊಂದು ಕೆರೆಯಿದೆ. ಮೇಲಿನೂರಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳವಾಗಿ ಹರಿದು ನಡುವಿನೂರಿನ ಕೆರೆಗೆ, ಅಲ್ಲಿಂದ ಕೆಳಗಿನೂರಿನ ಕೆರೆಗೆ ಬರುತ್ತದೆ. ಹಳೆಯ ಮೈಸೂರಿನ ಕೆರೆಗಳೆಲ್ಲ ಸಾಮಾನ್ಯವಾಗಿ ಹೀಗೆ ಸರಣಿಯಲ್ಲಿಯೇ ಕಟ್ಟಲ್ಪಟ್ಟವು. ಒಂದರ ಹೆಚ್ಚುವರಿ ಇನ್ನೊಂದರ ಆದಾಯ. ಕಟ್ಟಿದವರ ಲೆಕ್ಕದಲ್ಲಿ ನೀರು ತಡೆಯುವ ಮಣ್ಣಿನ ಏರಿ, ಗದ್ದೆಗೆ ನೀರು ಬಿಡುವ ತೂಬು, ತುಂಬಿದ ಮೇಲೆ ಹೆಚ್ಚಿನ ನೀರು ಹೊರಹೋಗುವ ಕೋಡಿ, ಆ ನೀರು ಹರಿಯುವ ಕೋಡಿ ಹಳ್ಳ ಇವು ನಾಲ್ಕೂ ಸೇರಿ ಒಂದು ಕೆರೆ. ನಮ್ಮ ಕಾಲದಲ್ಲಿ ಏರಿ ಮತ್ತು ನೀರು ಮಾತ್ರ ಕೆರೆಯಾಗಿ ಉಳಿದು, ಕೋಡಿ ಹಳ್ಳ ಖರಾಬು ಜಮೀನಾಯಿತು.

ಆಡಳಿತದ ದೃಷ್ಟಿಯಿಂದಲೂ ಈ ಸರಣಿ ತುಂಡಾಗಿತ್ತು. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯವು ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ನಡುವಿನೂರಿನ ದೊಡ್ಡ ಕೆರೆ ಒಂದು ಕಡೆಗೆ, ಮೇಲಿನ ಮತ್ತು ಕೆಳಗಿನ ಚಿಕ್ಕ ಕೆರೆಗಳು ಇನ್ನೊಂದು ಕಡೆಗೆ ಸೇರಿದ್ದವು; ಮೂರು ಊರುಗಳು ಎರಡು ಗ್ರಾಮ ಪಂಚಾಯಿತಿಗಳಿಗೆ ಹಂಚಿಹೋಗಿದ್ದವು. ಒಂದೇ ಹಳ್ಳದ ನೀರಿಗೆ ಇಷ್ಟು ಯಜಮಾನರಿದ್ದರೂ, ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಹೋಗುವ ದಾರಿಯನ್ನು ನೋಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ. ಮೊದಲು ನೀರುಗಂಟಿ ಇದ್ದ. ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ಲಾಟೀನು ಹಿಡಿದು ಓಡಾಡಿ, ಕೋಡಿಗೆ ಸಿಕ್ಕಿದ ಕಸ ಬಿಡಿಸಿ, ತೂಬು ಎತ್ತಿ ಇಳಿಸುತ್ತಿದ್ದ ಅವನಿಗೆ ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಧಾನ್ಯ ಅಳೆಯುತ್ತಿದ್ದರು. ಮೇಲಿನೂರಿನ ಕೊನೆಯ ನೀರುಗಂಟಿ ತೀರಿಕೊಂಡ ಮೇಲೆ ಮಗ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ. ಆ ಜಾಗಕ್ಕೆ ಮತ್ತೊಬ್ಬರನ್ನು ಹಾಕಿಕೊಳ್ಳಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಏಕೆಂದರೆ ಅನೇಕ ವರ್ಷ ಕೆರೆಯಲ್ಲಿ ನೀರೇ ನಿಲ್ಲಲಿಲ್ಲ.

ಸಮಸ್ಯೆ ಬೆಳೆದ ಬಗೆ

ಜಿಲ್ಲೆಯ ವಾರ್ಷಿಕ ಮಳೆ 700 ಮಿ.ಮೀ. ಆಸುಪಾಸಿನದು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಸುರಿಯುತ್ತದೆ. ಹಿಂದೆ ಈ ಮಳೆ ಬರುವ ಹೊತ್ತಿಗೆ ಕೆರೆಗಳು ಅರ್ಧಂಬರ್ಧ ಖಾಲಿಯಿರುತ್ತಿದ್ದವು. ಉತ್ತರೆ, ಹಸ್ತ, ಚಿತ್ತೆಯ ನೀರನ್ನು ಹಿಡಿಯಲು ಜಾಗವಿರುತ್ತಿತ್ತು. ಈಚಿನ ವರ್ಷಗಳಲ್ಲಿ ಹೇಮಾವತಿ ಕಾಲುವೆಯ ನೀರನ್ನು ಕೆರೆಗಳಿಗೆ ತುಂಬಿಸುವ ವ್ಯವಸ್ಥೆ ಬಂದಿತು. ಇದು ಒಣ ಸೀಮೆಗೆ ಬಂದ ದೊಡ್ಡ ಭಾಗ್ಯವೆಂಬುದರಲ್ಲಿ ಎರಡು ಮಾತಿಲ್ಲ. ಬತ್ತಿಹೋಗಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಂಡಿತು. ಆದರೆ ಅದರಿಂದ ಕೆರೆ ಹಿಂಗಾರಿಗೆ ಮುಂಚೆಯೇ ತುಂಬಿ ಕೂರತೊಡಗಿತು ಎಂಬ ಇನ್ನೊಂದು ಪರಿಣಾಮವನ್ನು ಯಾರೂ ಕೂತು ಯೋಚಿಸಲಿಲ್ಲ.

ಆ ವರ್ಷ ಮೇಲಿನೂರಿನ ಕೆರೆ ಸೆಪ್ಟೆಂಬರಿನಲ್ಲಿಯೇ ಕೋಡಿ ಬಿತ್ತು. ಬಹಳ ವರ್ಷಗಳ ನಂತರ ಬಿದ್ದ ಕೋಡಿ. ಊರಿನವರೆಲ್ಲ ಸೇರಿ ಬಾಗಿನ ಬಿಟ್ಟರು, ಹೋಳಿಗೆ ಊಟವಾಯಿತು. ಅದೇ ವಾರ ಕೆಲವು ರೈತರು ಸೇರಿ ಕೋಡಿಯ ಕಲ್ಲುಕಟ್ಟಡದ ಮೇಲೆ ಒಂದು ಅಡಿ ಎತ್ತರಕ್ಕೆ ಮರಳಿನ ಚೀಲ ಜೋಡಿಸಿದರು. ಇಷ್ಟು ವರ್ಷಕ್ಕೆ ಬಂದ ನೀರು ಸುಮ್ಮನೆ ಹರಿದುಹೋಗಬಾರದು ಎಂಬುದು ಅವರ ಆಸೆ. ಬರ ಕಂಡವರ ಆಸೆ ಅದು, ಅದನ್ನು ದುರಾಸೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಮೀನಿನ ಗುತ್ತಿಗೆ ಹಿಡಿದವರು ಮರಿಗಳು ಕೊಚ್ಚಿಹೋಗದಂತೆ ಕೋಡಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿಯನ್ನೂ ಕಟ್ಟಿದರು. ನಡುವಿನೂರಿನ ಕೆರೆಯಲ್ಲೂ ಅಂಥದ್ದೇ ಜಾಲರಿಯಿತ್ತು.

ಒಂದು ಅಡಿ ಚೀಲದಿಂದ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪ್ರಕರಣದ ತಿರುಳು ಅಲ್ಲಿದೆ. ಕೋಡಿಯ ನೆತ್ತಿಗೂ ಏರಿಯ ತಲೆಗೂ ನಡುವೆ ಬಿಟ್ಟಿರುವ ಎತ್ತರವೇ ಕೆರೆಯ ಜೀವ ಉಳಿಸುವ ಜಾಗ. ಮೇಲಿನ ಕೆರೆಯಲ್ಲಿ ಅದು ಸುಮಾರು ಮೂರು ಅಡಿಯಿತ್ತು. ಕೋಡಿಯ ಮೇಲೆ ಹರಿಯುವ ನೀರು ಅದರ ಆಳದ ಒಂದೂವರೆ ಘಾತದಷ್ಟು ಹೆಚ್ಚುತ್ತಾ ಹೋಗುತ್ತದೆ. ಅಂದರೆ ಆಳ ಇಮ್ಮಡಿಯಾದರೆ ಹರಿವು ಎರಡು ಪಟ್ಟಲ್ಲ, ಸುಮಾರು 2.8 ಪಟ್ಟು. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಮೂರು ಅಡಿ ಆಳದಲ್ಲಿ ಹರಿಯಬಹುದಾಗಿದ್ದ ನೀರಿಗೆ ಎರಡೇ ಅಡಿ ಜಾಗ ಉಳಿದರೆ ಕೋಡಿಯ ಸಾಮರ್ಥ್ಯ ಮೂರನೇ ಒಂದು ಭಾಗ ಕಡಿಮೆಯಾಗುವುದಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಉಳಿದ ಅರ್ಧಕ್ಕೂ ಜಾಲರಿ ಅಡ್ಡ ನಿಂತಿತ್ತು. ಮೊದಲ ದೊಡ್ಡ ಮಳೆಗೆ ತೇಲಿಬಂದ ಜೊಂಡು, ಪ್ಲಾಸ್ಟಿಕ್ಕು, ತೆಂಗಿನ ಗರಿ ಅದಕ್ಕೆ ಅಂಟಿಕೊಂಡು ಗೋಡೆಯಂತಾಯಿತು.

ಇನ್ನು ಕೆಳಗಿನೂರು. ಅಲ್ಲಿ ಎರಡೂವರೆ ದಶಕಗಳ ಹಿಂದೆ ಸೈಟು ಹಂಚುವಾಗ ಸರ್ಕಾರದ ಕೈಯಲ್ಲಿದ್ದ ಜಾಗವೆಂದರೆ ಕೋಡಿ ಹಳ್ಳದ ಮಗ್ಗುಲ ಖರಾಬು ಮಾತ್ರ. ಊರಿನ ಎತ್ತರದ ಭಾಗದಲ್ಲಿ ಜಮೀನಿದ್ದವರು ಬಿಟ್ಟುಕೊಡಲಿಲ್ಲ. ಹಾಗಾಗಿ ಜನತಾ ಮನೆ, ಆಶ್ರಯ ಮನೆಗಳೆಲ್ಲ ಹಳ್ಳದ ಪಕ್ಕದಲ್ಲಿಯೇ ಎದ್ದವು. ಜಮೀನಿಲ್ಲದ, ಕೂಲಿ ಮಾಡಿ ಬದುಕುವ, ಹೆಚ್ಚಿನವರು ಪರಿಶಿಷ್ಟ ಜಾತಿಯವರಾದ ಕುಟುಂಬಗಳು ಅಲ್ಲಿ ನೆಲೆಸಿದವು. ಮುಂದೆ ಡಾಂಬರು ರಸ್ತೆ ಬಂದಾಗ ಹಳ್ಳಕ್ಕೆ ಸೇತುವೆಯ ಬದಲು ಎರಡು ಸಿಮೆಂಟ್ ಪೈಪಿನ ಮೋರಿ ಹಾಕಿದರು. ಹಳ್ಳ ಒಣಗಿದ್ದಾಗ ಅಷ್ಟು ಸಾಕೆನಿಸಿರಬೇಕು.

ಆ ಮಧ್ಯಾಹ್ನ

ಎರಡು ದಿನ ಬಿಟ್ಟುಬಿಟ್ಟು ಸುರಿದ ಮಳೆಗೆ ನೆಲ ನೆನೆದು ಹೋಗಿತ್ತು. ಮೂರನೆಯ ದಿನ ಬೆಳಿಗ್ಗೆಯಿಂದ ಬಿದ್ದ ಮಳೆ, ಹವಾಮಾನ ಇಲಾಖೆ ಅತಿ ಭಾರಿ ಎಂದು ಕರೆಯುವ ಮಟ್ಟವನ್ನು, ಅಂದರೆ ದಿನಕ್ಕೆ 115.6 ಮಿ.ಮೀ. ಗಡಿಯನ್ನು ದಾಟುವಂತಿತ್ತು. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು 10 ಲಕ್ಷ ಲೀಟರ್ ನೀರು. ಹತ್ತು ಚದರ ಕಿಲೋಮೀಟರ್ ಜಲಾನಯನದ ಮೇಲೆ 120 ಮಿ.ಮೀ. ಬಿದ್ದರೆ 120 ಕೋಟಿ ಲೀಟರ್. ನೆನೆದ ನೆಲ ಅದರಲ್ಲಿ ಅರ್ಧವನ್ನಾದರೂ ಕುಡಿಯದೆ ಹರಿಯಬಿಡುತ್ತದೆ. ಮೊದಲೇ ತುಂಬಿ ಕೂತ ಕೆರೆಗೆ ಇದನ್ನು ಇಟ್ಟುಕೊಳ್ಳಲು ಜಾಗವೆಲ್ಲಿ?

ಮಧ್ಯಾಹ್ನ ಮೂರರ ಸುಮಾರಿಗೆ ಏರಿಯ ಹಿಂದೆ ಕುರಿ ಮೇಯಿಸುತ್ತಿದ್ದ ವಯಸ್ಸಾದವರೊಬ್ಬರು ಮೇಲಿನೂರಿನ ಹೋಟೆಲಿಗೆ ಬಂದು, "ತೂಬಿನ್ ತಾವ ಕೆಂಪ್ ನೀರು ಬತ್ತಾ ಅದೆ ಕಣ್ರಪ್ಪಾ, ಒಸಿ ಬಂದು ನೋಡಿ" ಎಂದರು. ಕೂತಿದ್ದವರಲ್ಲಿ ಇಬ್ಬರು ಹೋಗಿ ನೋಡಿದರು. ತೂಬಿನ ಪಕ್ಕದಲ್ಲಿ, ಏರಿಯ ಹೊರಮೈಯ ಬುಡದಲ್ಲಿ, ಕೈಬೆರಳಿನ ಗಾತ್ರದಲ್ಲಿ ನೀರು ಚಿಮ್ಮುತ್ತಿತ್ತು. ಸುತ್ತ ಸೀಮೆ ಜಾಲಿ ದಟ್ಟವಾಗಿ ಬೆಳೆದು, ಹೆಗ್ಗಣದ ಬಿಲಗಳು ಕಾಣದಂತಾಗಿದ್ದವು.

ಮಣ್ಣಿನ ಏರಿಯಲ್ಲಿ ಅಷ್ಟಿಷ್ಟು ನೀರು ಒಸರುವುದು ಸಹಜ. ಒಸರುವ ನೀರು ತಿಳಿಯಾಗಿದ್ದರೆ ಕಾದು ನೋಡಬಹುದು. ಕೆಂಪಗಿದೆ ಎಂದರೆ ಅದು ಏರಿಯ ಒಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ, ಒಳಗೊಳಗೆ ಸುರಂಗ ಕೊರೆಯುತ್ತಿದೆ ಎಂದರ್ಥ. ಆ ಹಿರಿಯರು ನೀರಿನ ಬಣ್ಣವನ್ನು ಸರಿಯಾಗಿ ಗುರುತಿಸಿ ಹೇಳಿದ್ದರು. ಕೇಳಿಸಿಕೊಂಡವರಿಗೆ ಆ ಬಣ್ಣದ ಮಹತ್ವ ಗೊತ್ತಿರಲಿಲ್ಲ. ನೋಡಿದವರು ವಿಡಿಯೊ ತೆಗೆದು ಪಂಚಾಯಿತಿ ಸದಸ್ಯರಿರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಸದಸ್ಯರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕಳುಹಿಸಿದರು. ಪಿಡಿಒ ಒಂದು ಕಚೇರಿಗೆ ಕರೆ ಮಾಡಿದಾಗ ಈ ಕೆರೆ ನಮ್ಮದಲ್ಲ ಎಂಬ ಉತ್ತರ ಬಂತು. ಇನ್ನೊಂದು ಕಚೇರಿಯ ಎಂಜಿನಿಯರ್ ಬೇರೊಂದು ತಾಲ್ಲೂಕಿನ ಕೆರೆಯ ಮೇಲಿದ್ದರು, ಏಕೆಂದರೆ ಆ ದಿನ ಒಡೆಯುವ ಹಂತದಲ್ಲಿದ್ದ ಕೆರೆ ಇದೊಂದೇ ಆಗಿರಲಿಲ್ಲ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅದರ ನಿಯಂತ್ರಣ ಕೊಠಡಿಗೆ 1077 ಸಂಖ್ಯೆಯಲ್ಲಿ ಯಾರು ಬೇಕಾದರೂ ಕರೆ ಮಾಡಬಹುದು. ಕೆರೆ ಯಾವ ಇಲಾಖೆಯದೆಂಬ ಪ್ರಶ್ನೆಯನ್ನು ಆ ಕೊಠಡಿ ಕೇಳಬೇಕಾಗಿಲ್ಲ. ಆ ಮಧ್ಯಾಹ್ನ ಮೂರು ಊರಿನಲ್ಲಿ ಯಾರೂ ಆ ಸಂಖ್ಯೆಯನ್ನು ಒತ್ತಲಿಲ್ಲ.

ಸಂಜೆಯ ಎರಡು ತೀರ್ಮಾನಗಳು

ಐದು ಗಂಟೆಯ ಹೊತ್ತಿಗೆ ಮೇಲಿನೂರಿನ ಯುವಕರು ಕೆಲಸಕ್ಕಿಳಿದರು. ಅವರ ಧೈರ್ಯ ದೊಡ್ಡದು. ಜಾರುವ ಏರಿಯ ಬುಡದಲ್ಲಿ, ಸುರಿಯುವ ಮಳೆಯಲ್ಲಿ, ಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಹೊತ್ತು ನೀರು ಚಿಮ್ಮುವ ಬಾಯಿಗೆ ಒತ್ತಿದರು. ಚಿಮ್ಮುವುದು ನಿಂತಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಸ್ವಲ್ಪ ಹೊತ್ತಿನ ಬಳಿಕ ಮೂರು ಮಾರು ಆಚೆ ಇನ್ನೊಂದು ಕಡೆ ನೀರು ಕಿತ್ತುಕೊಂಡಿತು, ಈ ಸಲ ತೋಳಿನ ಗಾತ್ರದಲ್ಲಿ.

ಇಂಥ ಸಂದರ್ಭದಲ್ಲಿ ನೀರು ಹೊರಬರುವ ಬಾಯಿಯನ್ನು ಮುಚ್ಚಬಾರದು. ಒಳಗಿನ ಒತ್ತಡ ಹಾಗೆಯೇ ಉಳಿದು ಬೇರೆ ದುರ್ಬಲ ಜಾಗ ಹುಡುಕುತ್ತದೆ. ಮಾಡಬೇಕಾದದ್ದು ಬೇರೆ: ಬಾಯಿಯ ಮೇಲೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಆಮೇಲೆ ದಪ್ಪ ಕಲ್ಲು ಹರಡಬೇಕು, ಆಗ ನೀರು ಹೊರಗೆ ಹೋಗುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ಅಥವಾ ಬಾಯಿಯ ಸುತ್ತ ಚೀಲಗಳನ್ನು ಬಾವಿಕಟ್ಟೆಯಂತೆ ದುಂಡಗೆ ಏರಿಸಿ ಒಳಗೆ ನೀರು ನಿಲ್ಲುವಂತೆ ಮಾಡಿದರೆ ಒತ್ತಡ ತಗ್ಗುತ್ತದೆ. ಜೊತೆಗೆ ಕೆರೆಯ ಮಟ್ಟವನ್ನು ಇಳಿಸಬೇಕು. ಹತ್ತಿರದಲ್ಲೇ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಒಂದು ಲೋಡು ಜಲ್ಲಿ, ಎಂ-ಸ್ಯಾಂಡ್ ಎರಡೂ ಬಿದ್ದಿದ್ದವು. ತಿಳಿದಿದ್ದರೆ ಅರ್ಧ ಗಂಟೆಯ ಕೆಲಸ. ಈ ತಿಳಿವಳಿಕೆ ಎಂಜಿನಿಯರಿಂಗ್ ಪುಸ್ತಕದಲ್ಲಿ ಮಾತ್ರ ಇರಬೇಕಾದದ್ದಲ್ಲ. ಏರಿಯ ಕೆಳಗೆ ಬದುಕುವ ಪ್ರತಿ ಊರಿನ ಹತ್ತು ಜನಕ್ಕಾದರೂ ಇರಬೇಕಾದದ್ದು.

ಎರಡನೆಯ ತೀರ್ಮಾನ ಇನ್ನೂ ನಿರ್ಣಾಯಕ. ತೂಬಿನ ಗೇಟು ತುಕ್ಕು ಹಿಡಿದು ಕೂತಿತ್ತು, ಅಲುಗಾಡಲಿಲ್ಲ. ಉಳಿದದ್ದು ಕೋಡಿ. ಚೀಲ ಮತ್ತು ಜಾಲರಿ ಕಿತ್ತರೆ ರಾತ್ರಿಯೊಳಗೆ ಕೆರೆ ಒಂದು ಅಡಿಯಷ್ಟು ಇಳಿಯುವ ಸಾಧ್ಯತೆಯಿತ್ತು. ಆದರೆ ಕೋಡಿ ಹಳ್ಳ ಒತ್ತುವರಿಯಾಗಿ ಕಿರಿದಾಗಿದ್ದರಿಂದ, ಒಮ್ಮೆಗೆ ಬಿಟ್ಟ ನೀರು ನಡುವಿನೂರಿನ ಕೆಲವು ರೈತರ ಹೊಡೆ ಬಿಚ್ಚಿದ ಭತ್ತದ ಮೇಲೆ ಹರಿಯುತ್ತಿತ್ತು. ವಿಷಯ ತಿಳಿದು ಅವರು ಕೋಡಿಯ ಬಳಿ ಬಂದು ನಿಂತರು. "ನಿಮ್ ಕೆರೆ ಉಳ್ಸಕೆ ನಮ್ ಗದ್ದೆ ಯಾಕ್ ಮುಳುಗ್ಬೇಕು ಗೌಡ್ರೆ?" ಎಂದು ಒಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಮೇಲಿನೂರಿನ ಯಜಮಾನರ ಬಳಿ ಅದಕ್ಕೆ ಉತ್ತರವಿರಲಿಲ್ಲ. ನಷ್ಟ ಕಟ್ಟಿಕೊಡುತ್ತೇವೆಂದು ಹೇಳುವ ಅಧಿಕಾರ ಅಲ್ಲಿದ್ದ ಯಾರಿಗೂ ಇರಲಿಲ್ಲ. ಪಿಡಿಒ ತಹಶೀಲ್ದಾರರ ಆದೇಶ ಬರಲಿ ಎಂದರು. ಮಾತು ಬೆಳೆದು ಹಳೆಯ ಗಡಿ ಜಗಳಗಳೂ ಎದ್ದವು. ಕತ್ತಲಾಯಿತು, ಮಳೆ ಮತ್ತೆ ಜೋರಾಯಿತು, ಜನ ಚದುರಿದರು. ಚೀಲಗಳು ಇದ್ದಲ್ಲೇ ಇದ್ದವು.

ಪ್ರಕರಣದ ಎಲ್ಲ ತಿರುವುಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ಈ ಮೂರು ಗಂಟೆಗಳ ವಾದಕ್ಕೆ. ಎಂಟು ಹತ್ತು ಎಕರೆ ಭತ್ತದ ನಷ್ಟ ಒಂದು ಕಡೆ, ಮೂರು ಊರುಗಳ ಅಪಾಯ ಇನ್ನೊಂದು ಕಡೆ. ಯಾವುದು ದೊಡ್ಡದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತೀರ್ಮಾನವಾಗದೆ ಹೋದದ್ದಕ್ಕೆ ಕಾರಣ ಅಜ್ಞಾನವಲ್ಲ. ಚಿಕ್ಕ ನಷ್ಟವನ್ನು ಹೊರಬೇಕಾದವರು ಒಬ್ಬರು, ದೊಡ್ಡ ನಷ್ಟ ತಪ್ಪಿಸಿಕೊಳ್ಳುವವರು ಮತ್ತೊಬ್ಬರು, ಆದೇಶ ಕೊಡಬೇಕಾದವರು ಮೂರನೆಯವರು. ಇವರ ನಡುವಿನ ಒಪ್ಪಂದ ಮಳೆ ಬರುವ ಮುಂಚೆ ಆಗಿರಬೇಕಿತ್ತು. ಸುರಿಯುವ ಮಳೆಯಲ್ಲಿ, ಟಾರ್ಚ್ ಬೆಳಕಿನಲ್ಲಿ ಅದು ಆಗುವ ಮಾತಲ್ಲ.

ರಾತ್ರಿ

ಹನ್ನೊಂದರ ಸುಮಾರಿಗೆ ತೂಬಿನ ಬಳಿ ಏರಿ ಕುಸಿಯಿತು. ಮೇಲಿನೂರು ಎತ್ತರದಲ್ಲಿದ್ದುದರಿಂದ ಅಲ್ಲಿ ಮನೆಗಳಿಗೆ ಏನೂ ಆಗಲಿಲ್ಲ. ನೀರು ನಡುವಿನೂರಿನ ಕೆರೆಗೆ ನುಗ್ಗಿತು. ಅಲ್ಲಿನ ಜಾಲರಿ ಕಟ್ಟಿಕೊಂಡಿದ್ದರಿಂದ ಕೋಡಿ ತಾಳಲಿಲ್ಲ, ಟ್ರ್ಯಾಕ್ಟರುಗಳು ಓಡಾಡಿ ತಗ್ಗಾಗಿದ್ದ ಕಡೆ ನೀರು ಏರಿಯ ಮೇಲೆ ಹತ್ತಿ, ಅಲ್ಲಿಂದಲೇ ಕತ್ತರಿಸಿಕೊಂಡು ಹೋಯಿತು. ಮೊದಲ ಏರಿ ಕುಸಿದದ್ದಕ್ಕೂ ಕೆಳಗಿನೂರಿಗೆ ನೀರು ಬಂದದ್ದಕ್ಕೂ ನಡುವೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯವಿತ್ತು.

ಆ ಒಂದು ಗಂಟೆಯನ್ನು ಉಳಿಸಿದ್ದು ಯಾವ ಸರ್ಕಾರಿ ವ್ಯವಸ್ಥೆಯೂ ಅಲ್ಲ, ಹಾಲಿನ ಡೈರಿ. ಮೇಲಿನೂರಿನ ಡೈರಿ ಕಾರ್ಯದರ್ಶಿ ಏರಿ ಕುಸಿದ ಸದ್ದು ಕೇಳಿ ಕೆಳಗಿನೂರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದರು. ಎರಡೂ ಊರಿನ ಹಾಲು ಒಂದೇ ಗಾಡಿಯಲ್ಲಿ ಹೋಗುತ್ತಿದ್ದುದರಿಂದ ಇಬ್ಬರಿಗೂ ಪರಿಚಯವಿತ್ತು, ನಂಬರ್ ಇತ್ತು. "ಅಕ್ಕಾ, ನಮ್ ಕೆರೆ ಹೋಯ್ತು, ಹಳ್ಳದ ಕಡೆಯವ್ರನ್ನ ಎಬ್ಬಿಸಿ" ಎಂದಷ್ಟೇ ಹೇಳಿದರಂತೆ.

ಆಕೆ ಮಾಡಿದ ಕೆಲಸವನ್ನು ಹಂತ ಹಂತವಾಗಿ ದಾಖಲಿಸುವುದು ಅಗತ್ಯ. ಕರೆಂಟ್ ಹೋಗಿತ್ತು. ದೇವಸ್ಥಾನದ ಮೈಕು ಕೂಗುವಂತಿರಲಿಲ್ಲ. ಹಾಲು ಪರೀಕ್ಷಿಸುವ ಯಂತ್ರಕ್ಕೆಂದು ಡೈರಿಯಲ್ಲಿ ಇಟ್ಟಿದ್ದ ಬ್ಯಾಟರಿಯನ್ನು ಗಂಡನ ಕೈಲಿ ಹೊರಿಸಿ, ಗಣಪತಿ ಕೂರಿಸುವ ಹುಡುಗರ ಬಳಿಯಿದ್ದ ಮೈಕ್ ಸೆಟ್ಟಿಗೆ ಕೊಡಿಸಿದರು. ಡೈರಿಯ ಪುಸ್ತಕದಲ್ಲಿ ಮನೆವಾರು ಹೆಸರುಗಳಿದ್ದವು. ಹಾಲು ಹಾಕುವವರ ಮನೆಗಳ ಸ್ಥಿತಿ ಅವರಿಗೆ ಬಾಯಿಪಾಠವಿತ್ತು. ಹಾಸಿಗೆ ಹಿಡಿದ ಅಜ್ಜಿ ಯಾವ ಮನೆಯಲ್ಲಿದ್ದಾರೆ, ಬಾಣಂತಿ ಎಲ್ಲಿದ್ದಾಳೆ, ಗಂಡಸರಿಲ್ಲದ ಮನೆ ಯಾವುದು ಎಂದು ಹೇಳಿ, ಇಬ್ಬಿಬ್ಬರು ಹುಡುಗರನ್ನು ಆ ಮನೆಗಳಿಗೆ ಮೊದಲು ಓಡಿಸಿದರು. ಹಾಲು ಹಾಕದ ಮನೆಗಳು ಪುಸ್ತಕದಲ್ಲಿರಲಿಲ್ಲ, ಎಮ್ಮೆ ಹಸು ಇಲ್ಲದ ತೀರಾ ಬಡವರ ಮನೆಗಳವು. ಅವುಗಳ ಪಟ್ಟಿಯನ್ನು ಅಂಗನವಾಡಿ ಕಾರ್ಯಕರ್ತೆ ನೆನಪಿನಿಂದಲೇ ಹೇಳಿದರು.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಬಂದಾಗ ಬಹಳ ಜನ ಶಾಲೆ ಎಂದರು. ಗಟ್ಟಿ ಕಟ್ಟಡ, ಆರ್‌ಸಿಸಿ, ಚುನಾವಣೆಯೂ ಅಲ್ಲೇ ನಡೆಯುವುದು. ಕಾರ್ಯದರ್ಶಿ ಒಪ್ಪಲಿಲ್ಲ. ಶಾಲೆಯ ಆಟದ ಮೈದಾನದಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವುದನ್ನು ಅವರು ಕಂಡಿದ್ದರು. ಕಟ್ಟಡ ಎಷ್ಟು ಗಟ್ಟಿ ಎನ್ನುವುದಕ್ಕಿಂತ ನೆಲ ಎಷ್ಟು ಎತ್ತರ ಎನ್ನುವುದೇ ಮುಖ್ಯವೆಂದು ಬಸವನ ಗುಡಿಯ ದಿಬ್ಬಕ್ಕೆ ಎಲ್ಲರನ್ನೂ ಕಳುಹಿಸಿದರು. ಬೆಳಗಾದಾಗ ಶಾಲೆಯ ಕೊಠಡಿಗಳಲ್ಲಿ ಸೊಂಟದವರೆಗೆ ನೀರಿತ್ತು.

ಹಟ್ಟಿಗಳಲ್ಲಿ ಕಟ್ಟಿದ್ದ ದನಗಳ ಹಗ್ಗ ಕುಡುಗೋಲಿನಿಂದ ಕತ್ತರಿಸಿ ಎಂದು ಮೈಕಿನಲ್ಲಿ ಕೂಗಿಸಿದ್ದೂ ಅವರೇ. ಒದ್ದೆಯಾದ ಹಗ್ಗದ ಗಂಟು ಬಿಚ್ಚುತ್ತಾ ಕೂತವರು ಕೆಲವರು ಎಮ್ಮೆಯನ್ನೂ ಕಳೆದುಕೊಂಡರು, ತಾವೂ ಪಾರಾದದ್ದು ಸ್ವಲ್ಪದರಲ್ಲಿ. ಪೈಪಿನ ಮೋರಿಗೆ ಕಸ ಕಟ್ಟಿಕೊಂಡು ರಸ್ತೆಯೇ ಅಣೆಕಟ್ಟೆಯಾಗಿ, ಹಳ್ಳದ ನೀರು ಹಿಂದಕ್ಕೆ ಒತ್ತಿ ಜನತಾ ಮನೆಗಳ ಮೇಲೆ ಬಂತು. ಮಣ್ಣಿನ ಗೋಡೆಯ ಮನೆಗಳು ಕೂತುಹೋದವು. ಮನುಷ್ಯರ ಪ್ರಾಣಹಾನಿಯಾಗಲಿಲ್ಲ. ಕುರಿ, ದನ, ಕೋಳಿ, ಕಣಜದ ರಾಗಿ, ಹಣ್ಣಾಗುತ್ತಿದ್ದ ರೇಷ್ಮೆ ಹುಳು, ಎಲ್ಲ ಹೋಯಿತು.

ಪರಿಹಾರದ ದಿನಗಳು

ಆಡಳಿತ ಮರುದಿನ ಚುರುಕಾಗಿಯೇ ಬಂತು. ಕಾಳಜಿ ಕೇಂದ್ರ ತೆರೆಯಿತು, ಟ್ಯಾಂಕರಿನಲ್ಲಿ ಕುಡಿಯುವ ನೀರು ಬಂತು, ಆರೋಗ್ಯ ಇಲಾಖೆಯವರು ಮುಳುಗಿದ್ದ ಬೋರ್‌ವೆಲ್ ಮತ್ತು ತೊಟ್ಟಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು. ತೊಡಕು ಎದ್ದದ್ದು ಲೆಕ್ಕ ಬರೆಯುವಾಗ.

ರಾಜ್ಯ ವಿಪತ್ತು ಪರಿಹಾರ ನಿಧಿಯ 2022-26ರ ಅವಧಿಯ ಮಾನದಂಡದಂತೆ ಸತ್ತ ಹಸು ಎಮ್ಮೆಗೆ 37,500 ರೂಪಾಯಿ, ಕುರಿ ಮೇಕೆಗೆ 4,000 ರೂಪಾಯಿ ಸಿಗುತ್ತಿತ್ತು. ಅದಕ್ಕೆ ಪಶುವೈದ್ಯರ ದೃಢೀಕರಣ ಬೇಕಿತ್ತು. ವಾಸನೆ ಬರುತ್ತದೆ, ರೋಗ ಹರಡುತ್ತದೆ ಎಂದು ಹೆದರಿ ಹಲವರು ಬೆಳಿಗ್ಗೆಯೇ ಗುಂಡಿ ತೋಡಿ ಹೂತುಬಿಟ್ಟಿದ್ದರು. ಅವರ ಅರ್ಜಿಗಳು ನಿಂತವು. ದನದ ಕಿವಿಗೆ ಹಾಕಿದ ಗುರುತಿನ ಓಲೆ ಸಮೇತ ಒಂದು ಫೋಟೊ ತೆಗೆದಿಟ್ಟುಕೊಂಡವರಿಗೆ ಕೆಲಸ ಸುಲಭವಾಯಿತು. ಜಮೀನಿನ ಮೇಲೆ ಮೂರು ಅಂಗುಲಕ್ಕಿಂತ ಹೆಚ್ಚು ಮರಳು, ಹೂಳು ನಿಂತಿದ್ದರೆ ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ ಕೊಡುವ ಅವಕಾಶವಿತ್ತು. ಇದು ಗೊತ್ತಿಲ್ಲದ ರೈತರು ಬೆಳೆಹಾನಿಗೆ ಮಾತ್ರ ಅರ್ಜಿ ಕೊಟ್ಟು, ಸಾಲ ಮಾಡಿ ಜೆಸಿಬಿಯಿಂದ ಮರಳು ತೆಗೆಸಿದರು. ಸಮೀಕ್ಷೆಗೆ ಬಂದವರಿಗೆ ತೋರಿಸಲು ಮರಳೇ ಉಳಿದಿರಲಿಲ್ಲ.

ಎಲ್ಲಕ್ಕಿಂತ ನೋವಿನದು ಮನೆಗಳ ವಿಷಯ. ಹಕ್ಕುಪತ್ರ ಇದ್ದ ಜನತಾ ಮನೆಗಳಿಗೆ ಪರಿಹಾರ ಬಂತು. ಆ ಮನೆಗಳ ಮಕ್ಕಳು ಮದುವೆಯಾಗಿ ಪಕ್ಕದಲ್ಲೇ ಹಳ್ಳಕ್ಕೆ ಇನ್ನೂ ಹತ್ತಿರವಾಗಿ ಹಾಕಿಕೊಂಡಿದ್ದ ಮನೆಗಳಿಗೆ ದಾಖಲೆ ಇರಲಿಲ್ಲ. ನೀರು ಮೊದಲು ಹೊಕ್ಕದ್ದು ಅಲ್ಲಿಗೇ, ಕೊನೆಗೆ ಇಳಿದದ್ದೂ ಅಲ್ಲಿಂದಲೇ. ಖರಾಬಿನ ಒತ್ತುವರಿ ಎಂಬ ಷರಾ ಬರೆದು ಅವರ ಅರ್ಜಿಗಳನ್ನು ಬದಿಗಿಟ್ಟರು. ಬೇರೆ ಜಾಗವಿದ್ದಿದ್ದರೆ ಅವರು ಅಲ್ಲಿ ಮನೆ ಕಟ್ಟುತ್ತಲೇ ಇರಲಿಲ್ಲ ಎಂಬುದು ಆ ಷರಾ ಬರೆದ ಅಧಿಕಾರಿಗೂ ಗೊತ್ತಿತ್ತು, ಅವರೇ ಹಾಗೆಂದು ಹೇಳಿದರು.

ಬದಲಾದದ್ದು, ಬದಲಾಗದ್ದು

ಏರಿಗಳ ದುರಸ್ತಿ ಮುಂದಿನ ಬೇಸಿಗೆಯಲ್ಲಿ ನಡೆಯಿತು. ಅದಕ್ಕಿಂತ ಮುಖ್ಯವಾದದ್ದು ಮೂರೂ ಊರಿನವರು ಸೇರಿ ಮಾಡಿಕೊಂಡ ಒಪ್ಪಂದ. ಅದನ್ನು ಸಾಧ್ಯವಾಗಿಸಿದವರು ಭತ್ತದ ಗದ್ದೆಯ ರೈತರೇ. ಆ ಸಂಜೆ ತಡೆದು ನಿಂತವರೆಂದು ಎಲ್ಲರ ಬಾಯಿಗೂ ಸಿಕ್ಕಿ ನೊಂದಿದ್ದ ಅವರು ಸಭೆಯಲ್ಲಿ ಎದ್ದು, ನೀರು ಬಿಡುವುದಕ್ಕೆ ನಮ್ಮ ಅಡ್ಡಿಯಿಲ್ಲ, ಆದರೆ ನಮ್ಮ ನಷ್ಟಕ್ಕೆ ಊರು ಹೊಣೆಯೆಂದು ಬರೆದುಕೊಡಿ ಎಂದು ಕೇಳಿದರು. ಅದರಂತೆ ಮೂರು ಕೆರೆಗಳ ಅಚ್ಚುಕಟ್ಟುದಾರರು ಎಕರೆಗೆ ಇಷ್ಟೆಂದು ಸುಗ್ಗಿಯಲ್ಲಿ ಹಣ ಹಾಕಿ ಒಂದು ನಿಧಿ ಇಟ್ಟಿದ್ದಾರೆ. ತುರ್ತಿನಲ್ಲಿ ಕೋಡಿ ಬಿಡಿಸಿದಾಗ ಬೆಳೆ ಕಳೆದುಕೊಂಡವರಿಗೆ ಅದರಿಂದ ಕೊಡಬೇಕು. ಕೋಡಿ ಬಿಡಿಸುವ ತೀರ್ಮಾನಕ್ಕೆ ಸಭೆ ಕಾಯಬೇಕಿಲ್ಲ. ಕೋಡಿಯ ಪಕ್ಕದ ಕಲ್ಲಿನ ಮೇಲೆ ಬಳಿದಿರುವ ಕೆಂಪು ಗೆರೆಗೆ ನೀರು ಮುಟ್ಟಿದರೆ ಸಾಕು.

ಮೀನಿನ ಹರಾಜಿನ ಷರತ್ತಿನಲ್ಲಿ ಕೋಡಿಗೆ ಸ್ಥಿರ ಜಾಲರಿ ಕಟ್ಟಬಾರದೆಂಬ ಸಾಲು ಸೇರಿತು. ಗುತ್ತಿಗೆದಾರರ ತಕರಾರಿನಿಂದ ಆ ವರ್ಷ ಹರಾಜಿನ ಮೊತ್ತ ಇಳಿಯಿತು, ಪಂಚಾಯಿತಿ ಅದನ್ನು ಒಪ್ಪಿಕೊಂಡಿತು. ಕಾಲುವೆ ನೀರಿನಿಂದ ಕೆರೆ ತುಂಬಿಸುವಾಗ ಕೋಡಿಗೆ ಎರಡು ಅಡಿ ಕೆಳಗೇ ನಿಲ್ಲಿಸಬೇಕೆಂಬ ಮನವಿಗೆ ಮಾತ್ರ ಮೂರೂ ಊರಿನಲ್ಲಿ ಒಮ್ಮತ ಮೂಡಿಲ್ಲ. ಮುಂದೆ ಮಳೆ ಬಾರದೆ ಹೋದರೆ ಆ ಎರಡು ಅಡಿ ನೀರು ಯಾರು ಕೊಡುತ್ತಾರೆ ಎಂದು ಮೇಲಿನೂರಿನವರು ಕೇಳುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದದ್ದನ್ನು ನೆನೆದರೆ ಅವರ ಅಂಜಿಕೆ ಸುಳ್ಳೆನ್ನಲಾಗದು. ಇದಕ್ಕೆ ಮಳೆ ಮುನ್ಸೂಚನೆಯನ್ನು ನೋಡಿ ಮಟ್ಟ ಇಳಿಸುವ ದಾರಿಯೊಂದಿದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಹೊಂದಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಈಗ ಮೇಲಿನೂರಿನ ಡೈರಿ ಕಾರ್ಯದರ್ಶಿ ಹಸ್ತ, ಚಿತ್ತೆಯ ದಿನಗಳಲ್ಲಿ ಕರೆ ಮಾಡಿ ಕೇಳುತ್ತಾರೆ, ಮೂರು ಊರಿನ ಡೈರಿಗಳ ಹಲಗೆಯ ಮೇಲೆ ಅದನ್ನು ಬರೆಸುತ್ತಾರೆ. ಹಲಗೆಯ ತಲೆಯಲ್ಲಿ 1077 ಎಂದು ದಪ್ಪಕ್ಷರದಲ್ಲಿದೆ.

ನೀರುಗಂಟಿಯ ಕೆಲಸಕ್ಕೆ ಮೇಲಿನೂರಿನಲ್ಲಿ ಇಬ್ಬರನ್ನು ಮಳೆಗಾಲದ ನಾಲ್ಕು ತಿಂಗಳಿಗೆ ಗೊತ್ತುಮಾಡಿದ್ದಾರೆ. ಒಬ್ಬರು ಕೆಂಪು ನೀರನ್ನು ಮೊದಲು ಕಂಡ ಆ ಕುರಿ ಮೇಯಿಸುವ ಹಿರಿಯರು. ಏರಿಯ ಜಾಲಿ ಕಡಿಸುವುದು, ಬಿಲ ಮುಚ್ಚಿಸುವುದು, ತೂಬಿನ ಗೇಟಿಗೆ ಗ್ರೀಸ್ ಹಚ್ಚಿ ತಿಂಗಳಿಗೊಮ್ಮೆ ಎತ್ತಿ ಇಳಿಸುವುದು ಅವರ ಜವಾಬ್ದಾರಿ. ಏರಿಯ ಬುಡದಲ್ಲಿ ಒಂದು ಲೋಡು ಮರಳು, ಒಂದು ಲೋಡು ಜಲ್ಲಿ ಸದಾ ಬಿದ್ದಿರುತ್ತದೆ. ಮನೆ ಕಟ್ಟುವವರು ಅದನ್ನು ಮುಟ್ಟುವಂತಿಲ್ಲ.

ಕೋಡಿ ಹಳ್ಳದ ಸರ್ವೆ ಮುಗಿದು ಗಡಿ ಕಲ್ಲು ನೆಟ್ಟಿದ್ದಾರೆ. ಒತ್ತುವರಿಯಾಗಿದ್ದ ಗದ್ದೆಗಳ ಭಾಗ ಬಹುಮಟ್ಟಿಗೆ ತೆರವಾಗಿದೆ. ಕೆಳಗಿನೂರಿನ ಪೈಪು ಮೋರಿಯ ಬದಲು ಸೇತುವೆ ಕಟ್ಟಲು ಅಂದಾಜುಪಟ್ಟಿ ಹೋಗಿದೆ, ಮಂಜೂರಾತಿ ಬಂದಿಲ್ಲ. ದಾಖಲೆಯಿಲ್ಲದ ಆ ಮನೆಗಳ ಕುಟುಂಬಗಳಿಗೆ ಬಸವನ ಗುಡಿಯ ದಿಬ್ಬದ ಪಕ್ಕದಲ್ಲಿ ಎರಡು ಎಕರೆ ಖರೀದಿಸಿ ಸೈಟು ಮಾಡಿಕೊಡುವ ಪ್ರಸ್ತಾವಕ್ಕೆ ಜಮೀನಿನ ಮಾಲೀಕರು ಈಗ ಒಪ್ಪಿದ್ದಾರೆ. ದರದ ಮಾತುಕತೆ ತಾಲ್ಲೂಕು ಕಚೇರಿಯಲ್ಲಿ ನಡೆಯುತ್ತಿದೆ. ಅಲ್ಲಿಯವರೆಗೆ ಹಳ್ಳದ ಮಗ್ಗುಲಲ್ಲೇ ಇರುವ ಪ್ರತಿ ಮನೆಯ ಹೆಸರನ್ನೂ, ಹಾಲು ಹಾಕಲಿ ಬಿಡಲಿ, ಡೈರಿಯ ಪುಸ್ತಕದ ಕೊನೆಯ ಪುಟಗಳಲ್ಲಿ ಫೋನ್ ನಂಬರಿನೊಂದಿಗೆ ಬರೆದಿಡಲಾಗಿದೆ.